ಗೇರು: ಬ್ರೆಜಿಲ್‌ನ ಮರ, ಕರಾವಳಿಯ ಸಂಶೋಧನೆ

ಗೇರು ಮಾವಿನ ಕುಟುಂಬವಾದ ಅನಕಾರ್ಡಿಯೇಸೀಗೆ ಸೇರಿದ ನಿತ್ಯಹಸುರಿನ ಹಣ್ಣಿನ ಮರ. ಇದರ ವೈಜ್ಞಾನಿಕ ಹೆಸರು ಅನಕಾರ್ಡಿಯಂ ಆಕ್ಸಿಡೆಂಟೇಲ್. ತವರು ದಕ್ಷಿಣ ಅಮೆರಿಕದ ಈಶಾನ್ಯ ಬ್ರೆಜಿಲ್. ಕಾಸರಗೋಡಿನಿಂದ ಕಾರವಾರದವರೆಗಿನ ಮುರಕಲ್ಲಿನ ಗುಡ್ಡಗಳಲ್ಲಿ ಇದು ಎಷ್ಟು ಬೇರೂರಿದೆಯೆಂದರೆ ಹೊರಗಿನಿಂದ ಬಂದದ್ದೆಂದು ಯಾರಿಗೂ ನೆನಪಾಗುವುದಿಲ್ಲ. ಬೀಜದೊಳಗಿನ ತಿರುಳೇ ಗೋಡಂಬಿ. ಮಾರುಕಟ್ಟೆ ಬೆಲೆ ಕಟ್ಟಿದ್ದು ಈ ತಿರುಳಿಗೆ. ವಿಜ್ಞಾನಿಗಳನ್ನು ನೂರೆಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಹಿಡಿದಿಟ್ಟಿರುವುದು ಮಾತ್ರ ನಾವು ಬಹುಪಾಲು ಎಸೆಯುವ ಎರಡು ಭಾಗಗಳು: ಸುಡುವ ಸಿಪ್ಪೆ ಮತ್ತು ಒಗರು ಹಣ್ಣು. ಈ ಲೇಖನದ ಹೆಚ್ಚಿನ ಪಾಲು ಅವುಗಳಿಗೇ ಮೀಸಲು.

ಮರ ಮತ್ತು ಫಲ

ಬೀಜದಿಂದ ಎದ್ದ ಮರ ಹತ್ತು ಹನ್ನೆರಡು ಮೀಟರ್ ಎತ್ತರಕ್ಕೆ ಏರುವುದುಂಟು. ಎತ್ತರಕ್ಕಿಂತ ಅಗಲಕ್ಕೆ ಹರಡುವುದೇ ಇದರ ಸ್ವಭಾವ. ನೆಲ ಮುಟ್ಟಿದ ಕೊಂಬೆ ಅಲ್ಲೇ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಬ್ರೆಜಿಲ್‌ನ ನಟಾಲ್ ನಗರದ ಬಳಿ ಪಿರಾಂಜಿ ಎಂಬಲ್ಲಿರುವ ಒಂದೇ ಮರ ಹೀಗೆ ಹರಡುತ್ತಾ ಸುಮಾರು 8,500 ಚದರ ಮೀಟರ್, ಅಂದರೆ ಎರಡು ಎಕರೆಗೂ ಹೆಚ್ಚು ಜಾಗ ಆವರಿಸಿಕೊಂಡಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಚಿಗುರು, ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೂ, ಮಾರ್ಚ್‌ನಿಂದ ಮೇವರೆಗೆ ಕೊಯ್ಲು. ಒಂದೇ ಹೂಗೊಂಚಲಿನಲ್ಲಿ ಗಂಡು ಹೂಗಳೂ ದ್ವಿಲಿಂಗಿ ಹೂಗಳೂ ಇರುತ್ತವೆ. ಕಾಯಿ ಕಟ್ಟುವುದು ದ್ವಿಲಿಂಗಿ ಹೂ ಮಾತ್ರ, ಅದರಲ್ಲೂ ಕೆಲವೇ ಕೆಲವು.

ಫಲದ ರಚನೆ ನೋಡುವವರನ್ನು ಬೆರಗುಗೊಳಿಸುತ್ತದೆ. ಹಣ್ಣು ಎಂದು ನಾವು ಕರೆಯುವ ಕೆಂಪು, ಹಳದಿ ಬಣ್ಣದ ರಸಭರಿತ ಭಾಗ ನಿಜವಾದ ಹಣ್ಣಲ್ಲ, ಉಬ್ಬಿದ ತೊಟ್ಟು. ಅದರ ತುದಿಯಲ್ಲಿ ಹೊರಗೇ ತೂಗುವ ಬೂದುಬಣ್ಣದ ಬೀಜವೇ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಣ್ಣು. ಕಾಯಿ ಕಟ್ಟಿದಾಗ ಮೊದಲು ಬೆಳೆಯುವುದು ಬೀಜ. ಹಸುರು ಬೀಜ ತನ್ನ ಪೂರ್ಣ ಗಾತ್ರಕ್ಕೆ ಬಂದಾಗಲೂ ತೊಟ್ಟು ಸಣ್ಣದಾಗಿಯೇ ಇರುತ್ತದೆ. ಆಮೇಲೆ ಬೀಜ ಒಣಗಿ ಗಟ್ಟಿಯಾಗುತ್ತಿದ್ದಂತೆ ತೊಟ್ಟು ಕೆಲವೇ ದಿನಗಳಲ್ಲಿ ಉಬ್ಬಿ ಬೀಜದ ಐದರಿಂದ ಹತ್ತು ಪಟ್ಟು ತೂಕವಾಗುತ್ತದೆ. ಕೊಂಕಣಿ ಮನೆಗಳಲ್ಲಿ ತೊಂಡೆಕಾಯಿಯ ಜೊತೆ ಉಪ್ಕರಿ ಎಂಬ ಪಲ್ಯಕ್ಕೆ ಹಾಕುವುದು ಆ ಮೊದಲ ಹಂತದ, ಸಿಪ್ಪೆ ಇನ್ನೂ ಗಟ್ಟಿಯಾಗದ ಎಳೆಬೀಜದ ತಿರುಳನ್ನು.

ಬೀಜವನ್ನು ಅಡ್ಡಕ್ಕೆ ಕೊಯ್ದರೆ ಸಿಪ್ಪೆ ಮೂರು ಪದರಗಳಲ್ಲಿ ಕಾಣುತ್ತದೆ. ಹೊರಗೆ ತೊಗಲಿನಂಥ ಪದರ, ಒಳಗೆ ಕಲ್ಲಿನಂತೆ ಗಟ್ಟಿಯಾದ ಪದರ, ಇವೆರಡರ ನಡುವೆ ಸಣ್ಣ ಸಣ್ಣ ಗೂಡುಗಳ ತುಂಬ ಕಂದುಬಣ್ಣದ ಅಂಟು ಎಣ್ಣೆ. ಎಣ್ಣೆಯ ಒಂದು ಹನಿ ಚರ್ಮಕ್ಕೆ ತಗುಲಿದರೆ ಗುಳ್ಳೆ ಏಳುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬರುವ ಭಲ್ಲಾತಕ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಈ ದೇಶದ್ದೇ ಆದ ಬೇರೆ ಮರ. ಅದು ಸೆಮಿಕಾರ್ಪಸ್ ಅನಕಾರ್ಡಿಯಂ. ಎರಡೂ ಒಂದೇ ಕುಟುಂಬದವು, ಎರಡರ ಸಿಪ್ಪೆಯೂ ಸುಡುತ್ತದೆ. ಆದರೆ ಭಲ್ಲಾತಕಕ್ಕೆ ಹೇಳಿದ ಔಷಧಗುಣವನ್ನು ಗೇರಿಗೆ ಹಚ್ಚುವುದು ತಪ್ಪು. ಈ ತಪ್ಪು ಕನ್ನಡದ ಮನೆಮದ್ದಿನ ಬರಹಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ.

ಬಂದ ದಾರಿ

ಬ್ರೆಜಿಲ್‌ನ ಮೂಲನಿವಾಸಿಗಳು ಗೇರನ್ನು ಹಣ್ಣಿಗಾಗಿ, ಹಣ್ಣಿನ ಹುದುಗು ಪಾನೀಯಕ್ಕಾಗಿ ಬಳಸುತ್ತಿದ್ದರು. ಫ್ರೆಂಚ್ ಪಾದ್ರಿ ಆಂದ್ರೆ ತೆವೆ 1558ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮರದ ವರ್ಣನೆ ಇದೆ. ಪೋರ್ಚುಗೀಸರ ಮೂಲಕ ಅದು ಗೋವಾ ಮತ್ತು ಮಲಬಾರಿನ ತೀರಕ್ಕೆ ಬಂತು. ಕೊಚ್ಚಿಯಲ್ಲಿ ಈ ಮರವನ್ನು ಕಂಡದ್ದಾಗಿ ಕ್ರಿಸ್ಟೋವಾವ್ ದ ಕೋಸ್ತಾ 1578ರಲ್ಲಿ ಬರೆದ. ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ನಲ್ಲಿ ಇದು ಕಪ್ಪಮಾವು ಎಂಬ ಮಲಯಾಳಂ ಹೆಸರಿನಲ್ಲಿದೆ. ಹಡಗಿನಲ್ಲಿ ಬಂದ ಮಾವು ಎಂದೇ ಇಲ್ಲಿನವರು ಅದನ್ನು ಗುರುತಿಸಿದ್ದರು. ಲಿನೇಯಸ್ 1753ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟ. ಮಳೆಗೆ ಕೊಚ್ಚಿಹೋಗುವ ಗುಡ್ಡದ ಮಣ್ಣು ಹಿಡಿದಿಡುವ ಮರವೆಂದು ಇದನ್ನು ಬಹುಕಾಲ ನೆಡುತ್ತಿದ್ದರು. ತಿರುಳಿನ ವ್ಯಾಪಾರ ಬಂದದ್ದು ತೀರ ಈಚೆಗೆ, 20ನೆಯ ಶತಮಾನದಲ್ಲಿ. ಕೊಲ್ಲಂ ಮತ್ತು ಮಂಗಳೂರು ಅದರ ಎರಡು ಕೇಂದ್ರಗಳಾದವು. ಮಂಗಳೂರಿನಿಂದ ಕಾರ್ಕಳ, ಕುಂದಾಪುರ, ಕುಮಟಾಗಳಿಗೂ ಕಾರ್ಖಾನೆಗಳು ಹಬ್ಬಿದವು.

ಸಿಪ್ಪೆ ಎಣ್ಣೆ

ಬೀಜದ ತೂಕದಲ್ಲಿ ಮೂರನೆಯ ಎರಡು ಭಾಗ ಸಿಪ್ಪೆ. ಸಿಪ್ಪೆಯ ತೂಕದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಎಣ್ಣೆ. ಎಣ್ಣೆ ಎಂದರೂ ಇದು ತೆಂಗಿನೆಣ್ಣೆ, ಕಡಲೆ ಎಣ್ಣೆಗಳ ಜಾತಿಯದಲ್ಲ. ರಸಾಯನದ ದೃಷ್ಟಿಯಲ್ಲಿ ಇದು ಫೀನಾಲುಗಳ ಮಿಶ್ರಣ. ಜರ್ಮನಿಯ ಸ್ಟೇಡೆಲರ್ 1847ರಲ್ಲಿ ಇದರಿಂದ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಎಂಬ ಎರಡು ವಸ್ತುಗಳನ್ನು ಬೇರ್ಪಡಿಸಿದ. ಬಿಸಿ ಮುಟ್ಟಿಸದೆ ತೆಗೆದ ಎಣ್ಣೆಯಲ್ಲಿ ಶೇಕಡಾ 60ರಿಂದ 70 ಭಾಗ ಅನಕಾರ್ಡಿಕ್ ಆಮ್ಲವೇ. ಆಸ್ಪಿರಿನ್‌ನ ಮೂಲವಾದ ಸ್ಯಾಲಿಸಿಲಿಕ್ ಆಮ್ಲಕ್ಕೆ 15 ಇಂಗಾಲದ ಉದ್ದನೆಯ ಬಾಲ ಅಂಟಿದರೆ ಆಗುವ ವಸ್ತು ಅದು. ಬಾಲದಲ್ಲಿ ಜೋಡಿಬಂಧಗಳು ಒಂದೂ ಇಲ್ಲದೆ ಇರಬಹುದು, ಮೂರರವರೆಗೂ ಇರಬಹುದು. ಬಾಲ ನೀರಿಗೆ ಒಗ್ಗದು, ತಲೆ ನೀರಿಗೆ ಒಗ್ಗುತ್ತದೆ. ಜೀವಕೋಶದ ಪೊರೆಯೊಳಗೆ ನುಗ್ಗಲು ಬೇಕಾದ ಗುಣ ಇದೇ. ಚರ್ಮದಲ್ಲಿ ಗುಳ್ಳೆ ಏಳುವುದಕ್ಕೂ ಬ್ಯಾಕ್ಟೀರಿಯ ಸಾಯುವುದಕ್ಕೂ ಕಾರಣವನ್ನು ಈ ರಚನೆಯಲ್ಲಿಯೇ ಹುಡುಕಬೇಕು.

ಈ ಎಣ್ಣೆಯನ್ನು ಕಾಯಿಸಿದರೆ ಅನಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಬೀಜವನ್ನು ಬಿಸಿ ಎಣ್ಣೆಯ ತೊಟ್ಟಿಯಲ್ಲಿ ಹುರಿಯುವ ಕಾರ್ಖಾನೆಗಳಿಂದ ಬರುವುದು ಈ ಬಗೆಯ, ಕಾರ್ಡನಾಲ್ ಪ್ರಧಾನವಾದ ಎಣ್ಣೆ. ಉದ್ಯಮಕ್ಕೆ ಬೇಕಾದದ್ದೂ ಅದೇ. ಅಮೆರಿಕದ ಮಾರ್ಟಿಮರ್ ಹಾರ್ವೆ 1920ರ ದಶಕದಿಂದ ಇದರ ಬಳಕೆಗಳ ಮೇಲೆ ಪೇಟೆಂಟುಗಳನ್ನು ಪಡೆಯತೊಡಗಿದ. ಕಾರ್ಡನಾಲ್ ಫಾರ್ಮಾಲ್ಡಿಹೈಡ್ ಜೊತೆ ಸೇರಿ ಗಟ್ಟಿ ರಾಳವಾಗುತ್ತದೆ. ಈ ರಾಳದ ಪುಡಿ ಬಿಸಿಯಾದರೂ ಹಿಡಿತ ಬಿಡದು, ಹಾಗಾಗಿ ವಾಹನಗಳ ಬ್ರೇಕ್ ಲೈನಿಂಗಿಗೆ ಹೇಳಿ ಮಾಡಿಸಿದ್ದು. ಘಟ್ಟ ಇಳಿಯುವ ಲಾರಿಯ ಬ್ರೇಕಿನಲ್ಲಿ ಗೇರು ಸಿಪ್ಪೆಯ ಅಂಶ ಇರುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಹಡಗಿನ ತಳಕ್ಕೆ ಬಳಿಯುವ ಎಪಾಕ್ಸಿ ಬಣ್ಣಗಳನ್ನು ಗಟ್ಟಿಯಾಗಿಸಲು ಬಳಸುವ ಫೀನಾಲ್ಕಮೈನ್‌ಗಳು ಕೂಡ ಕಾರ್ಡನಾಲ್‌ನಿಂದಲೇ ಆಗುತ್ತವೆ. ಚಳಿಯಲ್ಲೂ ಒದ್ದೆಯಲ್ಲೂ ಅವು ಬೇಗ ಒಣಗುತ್ತವೆ.

ಭಾರತದಲ್ಲಿ ಈ ರಸಾಯನಕ್ಕೆ ಹೆಚ್ಚು ದುಡಿದದ್ದು ತಿರುವನಂತಪುರದ ಸಿಎಸ್‌ಐಆರ್ ಪ್ರಯೋಗಾಲಯ. ಕಾರ್ಡನಾಲ್ ಪಾಲಿಮರುಗಳ ಮೇಲೆ ಅಲ್ಲಿ ದಶಕಗಳ ಕೆಲಸ ನಡೆದಿದೆ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ, ಅಂದರೆ ಇಪಿರ್ಟಿ, ಪ್ಲೈವುಡ್ ಅಂಟಿನಲ್ಲಿ ಪೆಟ್ರೋಲಿಯಂನಿಂದ ಬರುವ ಫೀನಾಲ್‌ನ ಒಂದು ಪಾಲಿಗೆ ಬದಲಾಗಿ ಈ ಎಣ್ಣೆಯನ್ನು ಬಳಸುವ ಬಗೆಯನ್ನು ಪರೀಕ್ಷಿಸಿತು. ಈಚೆಗೆ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್, ಜರ್ಮನಿಯ ಮೈಂಟ್ಸ್ ಹಾಗೂ ತಾಂಜಾನಿಯದ ರಸಾಯನಜ್ಞರು ಒಟ್ಟುಗೂಡಿ ಸಿಪ್ಪೆ ಎಣ್ಣೆಯಿಂದ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ವಸ್ತುಗಳನ್ನು ತಯಾರಿಸಿದ್ದಾರೆ. ಜಪಾನಿನ ಹೊಕ್ಕೈಡೋದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು: ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುವುದನ್ನು ಈ ಎಣ್ಣೆ ಗಣನೀಯವಾಗಿ ತಗ್ಗಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳಲ್ಲಿ ಕೆಲವನ್ನು ಅನಕಾರ್ಡಿಕ್ ಆಮ್ಲ ಆರಿಸಿ ಕೊಲ್ಲುತ್ತದೆ, ಅದೇ ಇದರ ಗುಟ್ಟು.

ಇಷ್ಟೆಲ್ಲ ಬಳಕೆ ಇದ್ದರೂ ನಮ್ಮಲ್ಲಿ ಬಹಳಷ್ಟು ಸಿಪ್ಪೆ ಈಗಲೂ ಉರುವಲಾಗಿ ಉರಿದುಹೋಗುತ್ತದೆ. ಕಾರಣ ಸರಳ. ಬಿಸಿ ಎಣ್ಣೆಯಲ್ಲಿ ಹುರಿಯುವ ಕ್ರಮ ಹೋಗಿ ಹಬೆಯಲ್ಲಿ ಬೇಯಿಸುವ ಕ್ರಮ ಬಂದಿದೆ. ತಿರುಳಿನ ಬಿಳುಪಿಗೆ ಹಬೆ ಒಳ್ಳೆಯದು. ಆದರೆ ಎಣ್ಣೆ ಸಿಪ್ಪೆಯೊಳಗೇ ಉಳಿಯುತ್ತದೆ, ಅದನ್ನು ಬೇರೆಯಾಗಿ ಹಿಂಡಿ ತೆಗೆಯಬೇಕು.

ಸಿಪ್ಪೆಯ ಮಾತು ಬಂದಾಗ ಕಾರ್ಖಾನೆಯ ಹೆಣ್ಣುಮಕ್ಕಳ ಕೈಗಳನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಬೇಯಿಸಿದ ಬೀಜವನ್ನು ಒಂದೊಂದಾಗಿ ಕತ್ತರಿಯ ಬಾಯಿಗಿಟ್ಟು, ಕಾಲಿನಿಂದ ಮೆಟ್ಟಿ, ಕೈಯಿಂದ ಹಿಡಿ ಎಳೆದು ಎರಡು ಹೋಳು ಮಾಡುವುದು, ತಿರುಳು ಒಡೆಯದಂತೆ ಮೊನೆಯಿಂದ ಎಬ್ಬಿಸುವುದು, ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿದ ಮೇಲೆ ಕೆಂಪು ಹೊಟ್ಟು ಸುಲಿಯುವುದು: ಕರಾವಳಿಯಲ್ಲಿ ಈ ಕೆಲಸದ ಬಹುಪಾಲು ಹೆಂಗಸರದ್ದೇ. ಎಣ್ಣೆ ಹತ್ತದಂತೆ ಅವರು ಬೂದಿಯನ್ನೋ ಹರಳೆಣ್ಣೆಯನ್ನೋ ಕೈಗೆ ಹಚ್ಚಿಕೊಳ್ಳುತ್ತಾರೆ. ಹಾಗಿದ್ದೂ ಬೆರಳ ತುದಿಗಳು ಕಪ್ಪಾಗಿ ಸುಲಿಯುತ್ತವೆ. ಚರ್ಮರೋಗ ಶಾಸ್ತ್ರದಲ್ಲಿ ಇದಕ್ಕೆ ಸ್ಪರ್ಶ ಉರಿಯೂತ ಎಂದು ಹೆಸರು. ಅಮೆರಿಕದ ವಿಷದ ಬಳ್ಳಿ ಪಾಯಿಸನ್ ಐವಿಯ ಉರುಶಿಯಾಲ್‌ಗೂ ಕಾರ್ಡಾಲ್‌ಗೂ ಹತ್ತಿರದ ಸಂಬಂಧ ಇದೆ. ಡಬ್ಬಿಯ ಮೇಲೆ ಡಬ್ಲ್ಯು 180, ಡಬ್ಲ್ಯು 320 ಎಂದು ಅಚ್ಚಾಗುವ ದರ್ಜೆ ಹೇಳುವುದು ಒಂದು ಪೌಂಡಿಗೆ ಇಡೀ ತಿರುಳು ಎಷ್ಟು ಏರುತ್ತದೆ ಎಂಬುದನ್ನು. ಆ ಇಡೀತನ ಅವರ ಬೆರಳುಗಳ ಕೆಲಸ.

ಜಕ್ಕೂರಿನಲ್ಲಿ ನಡೆದ ಕೆಲಸ

ಅನಕಾರ್ಡಿಕ್ ಆಮ್ಲದ ಜೈವಿಕ ಗುಣಗಳ ಮೇಲಿನ ಆಧುನಿಕ ಸಂಶೋಧನೆಗೆ ಒಂದು ಚಾಲನೆ ಸಿಕ್ಕಿದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ. ಹಿಮೆಜಿಮಾ ಮತ್ತು ಇಸಾವೊ ಕುಬೋ 1991ರಲ್ಲಿ, ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಮತ್ತು ಮೊಡವೆಗೆ ಸಂಬಂಧಿಸಿದ ಬ್ಯಾಕ್ಟೀರಿಯಗಳನ್ನು ಸಿಪ್ಪೆ ಎಣ್ಣೆಯ ಅನಕಾರ್ಡಿಕ್ ಆಮ್ಲಗಳು ಅತಿ ಕಡಿಮೆ ಪ್ರಮಾಣದಲ್ಲೇ ತಡೆಯುತ್ತವೆ ಎಂದು ತೋರಿಸಿದರು. ಬ್ರೆಜಿಲ್‌ನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳ ಮೇಲೂ ಇದರ ಪರೀಕ್ಷೆ ನಡೆದು ಅವು ಸಾಯುವುದು ಕಂಡುಬಂತು.

ಕನ್ನಡನಾಡಿಗೆ ಹತ್ತಿರದ ಮಹತ್ವದ ಶೋಧ ಬೆಂಗಳೂರಿನ ಜಕ್ಕೂರಿನದು. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2003ರಲ್ಲಿ, ಗೇರು ಸಿಪ್ಪೆ ಎಣ್ಣೆಯಿಂದ ಪಡೆದ ಅನಕಾರ್ಡಿಕ್ ಆಮ್ಲವು ಪಿ300 ಮತ್ತು ಪಿಸಿಎಎಫ್ ಎಂಬ ಎರಡು ಕಿಣ್ವಗಳನ್ನು ತಡೆಯುತ್ತದೆ ಎಂದು ಪ್ರಕಟಿಸಿತು. ಈ ಕಿಣ್ವಗಳ ಕೆಲಸ ತಿಳಿಯದೆ ಶೋಧದ ಬೆಲೆ ತಿಳಿಯದು. ನಮ್ಮ ಜೀವಕೋಶದಲ್ಲಿ ಡಿಎನ್ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ, ಉರುಳೆಗೆ ಸುತ್ತಿದ ನೂಲಿನಂತೆ, ಬಿಗಿಯಾಗಿ ಸುತ್ತಿರುತ್ತದೆ. ಪಿ300ರಂಥ ಕಿಣ್ವಗಳು ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿಸಿದಾಗ ಸುತ್ತು ಸಡಿಲವಾಗಿ ಅಲ್ಲಿನ ಜೀನುಗಳು ಕೆಲಸ ಮಾಡತೊಡಗುತ್ತವೆ. ಈ ಅಂಟಿಸುವಿಕೆಯ ಏರುಪೇರು ಕ್ಯಾನ್ಸರ್, ಮಧುಮೇಹ, ನರರೋಗಗಳಲ್ಲಿ ಕಾಣುತ್ತದೆ. ಅದನ್ನು ತಡೆಯಬಲ್ಲ ಸಣ್ಣ ಅಣುವೊಂದು ಸುಲಭವಾಗಿ ಸಿಗುವ ಗಿಡದ ಭಾಗದಿಂದ ದೊರಕಿದ್ದು ಆಗ ದೊಡ್ಡ ಸಂಗತಿ.

ಅಷ್ಟಕ್ಕೇ ಅದು ನಿಲ್ಲಲಿಲ್ಲ. ಅದೇ ಅನಕಾರ್ಡಿಕ್ ಆಮ್ಲವನ್ನು ರಸಾಯನಿಕವಾಗಿ ಬದಲಿಸಿ ಮಾಡಿದ ಸಿಟಿಪಿಬಿ ಎಂಬ ಅಣು ಅದೇ ಪಿ300 ಕಿಣ್ವವನ್ನು ತಡೆಯುವ ಬದಲು ಚುರುಕುಗೊಳಿಸಿತು. ಈ ಸಾಲಿನಲ್ಲೇ ಮುಂದೆ ಟಿಟಿಕೆ21 ರೂಪುಗೊಂಡಿತು. ಅದನ್ನು ಗ್ಲೂಕೋಸಿನಿಂದ ತಯಾರಿಸಿದ ಇಂಗಾಲದ ಸೂಕ್ಷ್ಮಗೋಲಗಳಿಗೆ ಅಂಟಿಸಿದರೆ ರಕ್ತದಿಂದ ಮಿದುಳಿಗೆ ದಾಟುತ್ತದೆ ಎಂದು ಇಲಿಗಳಲ್ಲಿ ಕಂಡುಕೊಂಡರು. ಬೆನ್ನುಹುರಿಗೆ ಪೆಟ್ಟಾದ ಇಲಿ, ಹೆಗ್ಗಣಗಳಲ್ಲಿ ನರದ ಎಳೆಗಳು ಮತ್ತೆ ಬೆಳೆಯಲು ಟಿಟಿಕೆ21 ನೆರವಾಗುತ್ತದೆ ಎಂಬುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಜಕ್ಕೂರಿನವರ ಜೊತೆಗೂಡಿ 2019ರಲ್ಲಿ ವರದಿ ಮಾಡಿತು. ಇದೆಲ್ಲವೂ ಪ್ರಾಣಿಗಳಲ್ಲಿ ಕಂಡ ಫಲ. ಟಿಟಿಕೆ21 ಗೇರಿನ ಎಣ್ಣೆಯೂ ಅಲ್ಲ, ಗೇರಿನ ಅಣು ತೋರಿದ ದಾರಿಯಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ ಹೊಸ ಅಣು. ಸಿಪ್ಪೆ ಎಣ್ಣೆಯನ್ನು ಕುಡಿದರೆ ನರ ಚಿಗುರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅಪಾಯದ ಸುಳ್ಳು.

ಹಣ್ಣು

ಗೇರುಹಣ್ಣಿನ ನೂರು ಗ್ರಾಂ ರಸದಲ್ಲಿ ಸಾಮಾನ್ಯವಾಗಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವ ಇರುತ್ತದೆ. ಕಿತ್ತಳೆಯಲ್ಲಿ ಇರುವುದರ ನಾಲ್ಕೈದು ಪಟ್ಟು ಇದು. ಮಗುವಿಗೆ ಬೇಕಾದ ದಿನದ ಪಾಲು ಗುಡ್ಡದ ಮೇಲೆ ಬಿದ್ದ ಒಂದು ಹಣ್ಣಿನಲ್ಲೇ ಸಿಗುತ್ತದೆ. ಆದರೂ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಏಪ್ರಿಲ್ ತಿಂಗಳ ತೋಪಿಗೆ ಹೋದರೆ ಬೀಜ ತಿರುವಿಕೊಂಡು ಬಿಟ್ಟ ಹಣ್ಣುಗಳು ಮರದ ಬುಡದಲ್ಲಿ ಕೊಳೆತು, ನೊಣ ಮುತ್ತಿ, ಹುಳಿವಾಸನೆ ಬರುತ್ತಿರುತ್ತದೆ. ದನಗಳಿಗೆ ಒಂದಿಷ್ಟು ಹೋಗುತ್ತದೆ. ಉಳಿದದ್ದು ಮಣ್ಣಿಗೆ.

ಇದಕ್ಕೆ ಎರಡು ಕಾರಣ. ಒಂದು, ಹಣ್ಣು ಬಾಳಿಕೆ ಬರುವುದಿಲ್ಲ. ಸಿಪ್ಪೆ ತೀರ ತೆಳ್ಳಗೆ, ಬಿದ್ದ ಏಟಿಗೆ ಒಡೆದು ಮರುದಿನವೇ ಹುದುಗೇಳುತ್ತದೆ. ಎರಡು, ಒಗರು. ರಸದಲ್ಲಿರುವ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನು ಒಣಗಿಸಿ ಗಂಟಲು ಹಿಡಿಸುತ್ತವೆ. ಸಂಶೋಧನೆ ಇದೇ ಗುಣವನ್ನು ಹಿಡಿದು ಪರಿಹಾರ ಹುಡುಕಿತು. ರಸಕ್ಕೆ ಮೊದಲೇ ಒಂದು ಪ್ರೋಟೀನನ್ನೋ ಪಿಷ್ಟವನ್ನೋ ಸೇರಿಸಿದರೆ ಟ್ಯಾನಿನ್ ಅದಕ್ಕೆ ಅಂಟಿ ತಳಕ್ಕೆ ಇಳಿಯುತ್ತದೆ, ತಿಳಿರಸ ಮೇಲೆ ಉಳಿಯುತ್ತದೆ. ಕಾರ್ಖಾನೆಗಳಲ್ಲಿ ಜೆಲಟಿನ್ ಬಳಸುತ್ತಾರೆ. ಕೇರಳ ಕೃಷಿ ವಿಶ್ವವಿದ್ಯಾಲಯ ಸಾಬಕ್ಕಿಯ ಗಂಜಿಯಿಂದ ರಸ ತಿಳಿಗೊಳಿಸುವ ಕ್ರಮವನ್ನು ಬಳಕೆಗೆ ತಂದಿದೆ. ಅನ್ನದ ತಿಳಿಯಿಂದಲೂ ಅದು ಸಾಧ್ಯ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು: ಹಿಂಡಿ ಸೋಸಿದ ರಸಕ್ಕೆ ತಣಿದ ಗಂಜಿ ಬೆರೆಸಿ ಕೆಲವು ಗಂಟೆ ಅಲುಗಿಸದೆ ಇಟ್ಟರೆ ಕೆಳಗೆ ಬಿಳಿ ಗಷ್ಟು ಕೂರುತ್ತದೆ. ಮೇಲಿನ ತಿಳಿಯನ್ನು ಸಕ್ಕರೆ ಹಾಕಿ ಕಾಯಿಸಿದರೆ ಶರಬತ್ತಿಗೆ ಸಿದ್ಧ.

ಗೋವಾದವರು ಹಣ್ಣನ್ನು ವ್ಯರ್ಥ ಮಾಡಲಿಲ್ಲ. ಹುದುಗಿದ ರಸವನ್ನು ಬಟ್ಟಿ ಇಳಿಸಿದ ಅಲ್ಲಿನ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬ್ರೆಜಿಲ್‌ನ ಪಿಯಾವಿ ರಾಜ್ಯದಲ್ಲಿ ಮದ್ಯವಿಲ್ಲದ ದಾರಿ ಇದೆ. ಟ್ಯಾನಿನ್ ತೆಗೆದ ರಸವನ್ನು ಬಾಟಲಿಗೆ ತುಂಬಿ ಬಿಸಿನೀರಿನಲ್ಲಿ ಬಹಳ ಹೊತ್ತು ಕುದಿಸಿ, ಹೊಂಬಣ್ಣ ಬಂದ ಮೇಲೆ ತೆಗೆಯುವ ಕಜುಯಿನ ಅದು. ಹುದುಗು ಇಲ್ಲ, ಹೊರಗಿನ ಸಕ್ಕರೆಯೂ ಬೇಡ. ಅದರ ತಯಾರಿಕೆಯನ್ನು ಬ್ರೆಜಿಲ್ 2014ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ದಾಖಲಿಸಿತು. ಕರ್ನಾಟಕದ ಕರಾವಳಿಗೆ ಸರಿಹೊಂದುವ ಮಾದರಿ ಇದೇ ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ. ಒಲೆ, ಬಾಟಲಿ, ಗಂಜಿ ಎಲ್ಲವೂ ಇಲ್ಲಿವೆ. ಇಲ್ಲದ್ದು ಹಣ್ಣನ್ನು ಬಿದ್ದ ದಿನವೇ ಒಟ್ಟುಮಾಡುವ ಊರಿನ ಸಹಕಾರ ವ್ಯವಸ್ಥೆ.

ಗೋಡಂಬಿ ಮತ್ತು ಆರೋಗ್ಯ

ನೂರು ಗ್ರಾಂ ಗೋಡಂಬಿಯಲ್ಲಿ ಸುಮಾರು 44 ಗ್ರಾಂ ಕೊಬ್ಬು, 18 ಗ್ರಾಂ ಪ್ರೋಟೀನ್, 30 ಗ್ರಾಂ ಶರ್ಕರಪಿಷ್ಟ ಇವೆ. ಕೊಬ್ಬಿನಲ್ಲಿ ಹೆಚ್ಚಿನ ಪಾಲು, ಶೇಕಡಾ 60ರ ಆಸುಪಾಸು, ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲ. ಸಕ್ಕರೆ ಕಾಯಿಲೆಯವರು ಗೋಡಂಬಿ ಮುಟ್ಟಬಾರದು ಎಂಬ ಮಾತು ನಮ್ಮಲ್ಲಿ ಬಹಳ ವರ್ಷಗಳಿಂದ ಇದೆ. ಚೆನ್ನೈಯ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಶನ್ ಈ ನಂಬಿಕೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿತು. ವಿ. ಮೋಹನ್ ಮತ್ತು ಸಂಗಡಿಗರು 300 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಹಾರಪಥ್ಯದ ಜೊತೆ ದಿನಕ್ಕೆ 30 ಗ್ರಾಂ ಉಪ್ಪಿಲ್ಲದ ಹಸಿ ಗೋಡಂಬಿಯನ್ನು 12 ವಾರ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗೋಡಂಬಿ ತಿಂದವರಲ್ಲಿ ಮೇಲಿನ ರಕ್ತದೊತ್ತಡ ಹೆಚ್ಚು ಇಳಿಯಿತು, ಒಳ್ಳೆಯ ಕೊಲೆಸ್ಟರಾಲ್ ಎನ್ನಲಾಗುವ ಎಚ್‌ಡಿಎಲ್ ತುಸು ಏರಿತು. ದೇಹದ ತೂಕ, ರಕ್ತದ ಸಕ್ಕರೆ, ಎಲ್‌ಡಿಎಲ್‌ಗಳಲ್ಲಿ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗೋಡಂಬಿ ಮಧುಮೇಹಕ್ಕೆ ಮದ್ದಲ್ಲ, ಮಿತಿಯಲ್ಲಿ ತಿಂದರೆ ಹಾನಿಯೂ ಇಲ್ಲ. 30 ಗ್ರಾಂ ಎಂದರೆ ಒಂದು ಹಿಡಿ. ತುಪ್ಪದಲ್ಲಿ ಹುರಿದು ಪಾಯಸಕ್ಕೆ ಹಾಕಿದ್ದಕ್ಕೂ ಕಾಜು ಬರ್ಫಿಗೂ ಈ ಫಲಿತಾಂಶ ಅನ್ವಯಿಸುವುದಿಲ್ಲ.

ಕೆಲವರ ದೇಹಕ್ಕೆ ಗೋಡಂಬಿಯೇ ಒಗ್ಗದು. ತಿರುಳಿನ ಮೂರು ಪ್ರೋಟೀನುಗಳನ್ನು ಅಲರ್ಜಿಕಾರಕಗಳೆಂದು ಗುರುತಿಸಿದ್ದಾರೆ: ಅನ ಒ 1, ಅನ ಒ 2, ಅನ ಒ 3. ಹುರಿದರೂ ಇವು ಪೂರ್ತಿ ನಾಶವಾಗುವುದಿಲ್ಲ. ತಿಂದ ಕೂಡಲೆ ತುಟಿ ಊದಿ ಉಸಿರು ಕಟ್ಟಿದ ಮಗುವಿಗೆ ಮತ್ತೊಮ್ಮೆ ಸ್ವಲ್ಪ ಕೊಟ್ಟು ನೋಡುವ ಸಾಹಸ ಬೇಡ.

ಎಲೆ, ತೊಗಟೆಗಳ ಕಷಾಯದಿಂದ ಸಕ್ಕರೆ ಇಳಿಯುತ್ತದೆ, ಹೊಟ್ಟೆ ಹುಣ್ಣು ವಾಸಿಯಾಗುತ್ತದೆ ಎಂಬ ವರದಿಗಳು ಆಫ್ರಿಕ ಮತ್ತು ಬ್ರೆಜಿಲ್‌ಗಳಿಂದ ಬಂದಿವೆ. ಬಹುತೇಕ ಎಲ್ಲವೂ ಇಲಿಗಳ ಮೇಲಿನ ಪ್ರಯೋಗಗಳು. ಕಾಂಡದಿಂದ ಒಸರುವ ಅಂಟು ಗಮ್ ಅರಾಬಿಕ್‌ಗೆ ಬದಲಿಯಾಗಬಲ್ಲದು. ತಿರುಳಿನ ಕೆಂಪು ಹೊಟ್ಟಿನಲ್ಲಿ ಕ್ಯಾಟೆಚಿನ್ ಹೇರಳ, ತೊಗಲು ಹದಮಾಡಲು ಅದು ಬಳಕೆಯಲ್ಲಿದೆ.

ತಳಿಗಳ ಕೆಲಸ: ಉಳ್ಳಾಲ, ಪುತ್ತೂರು, ಕೊಯಮತ್ತೂರು

1950ರ ದಶಕದಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ನೆರವಿನಿಂದ ಗೇರು ಸಂಶೋಧನೆ ಆರಂಭವಾದ ಕೆಲವೇ ಕೇಂದ್ರಗಳಲ್ಲಿ ಮಂಗಳೂರಿನ ಪಕ್ಕದ ಉಳ್ಳಾಲ ಒಂದು. ಉಳ್ಳಾಲ-1, ಉಳ್ಳಾಲ-3 ಮುಂತಾದ ತಳಿಗಳು ಅಲ್ಲಿಂದ ಬಂದವು. ಬಯಲುಸೀಮೆಯ ಚಿಂತಾಮಣಿಯಿಂದ ಚಿಂತಾಮಣಿ-1 ಬಂತು. 1971ರಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಂಬಾರ ಬೆಳೆ ಮತ್ತು ಗೇರಿನ ಅಖಿಲ ಭಾರತ ಯೋಜನೆಯ ಕೇಂದ್ರವಾಯಿತು. 1986ರಲ್ಲಿ ಗೇರಿಗೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಪುತ್ತೂರಿನಲ್ಲಿ ಹುಟ್ಟಿತು. 2009ರಲ್ಲಿ ಅದು ಗೇರು ಸಂಶೋಧನಾ ನಿರ್ದೇಶನಾಲಯವಾಯಿತು.

ತಮಿಳುನಾಡಿನ ಗೇರು ಸಂಶೋಧನೆಯ ಆಡಳಿತ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ್ದು. ಆದರೆ ಮರ ಬೆಳೆಯುವುದು ದೂರದ ಕಡಲೂರು ಸೀಮೆಯ ಕೆಂಪುಮಣ್ಣಿನಲ್ಲಿ. ಅಲ್ಲಿನ ವಿರುದ್ಧಾಚಲಂ ಕೇಂದ್ರದಿಂದ ವಿಆರ್‌ಐ ಸರಣಿಯ ತಳಿಗಳು ಬಂದವು, ವಿಆರ್‌ಐ-3 ನಮ್ಮ ರೈತರಿಗೂ ಪರಿಚಿತ.  

ಪುತ್ತೂರಿನ ಕೊಡುಗೆಗಳಲ್ಲಿ ರೈತನ ಬದುಕು ಬದಲಿಸಿದ್ದು ಮೃದುಕಾಂಡ ಕಸಿ. ಗೇರು ಪರಪರಾಗಸ್ಪರ್ಶದ ಮರ, ಒಳ್ಳೆಯ ತಾಯಿಮರದ ಬೀಜ ಬಿತ್ತಿದರೂ ಮಗು ಹಾಗೇ ಆಗುತ್ತದೆಂಬ ಭರವಸೆ ಇಲ್ಲ. ಐವತ್ತು ಅರವತ್ತು ದಿನದ ಸಸಿಯ ಎಳೆ ಕಾಂಡವನ್ನು ನಡುವೆ ಸೀಳಿ, ಆರಿಸಿದ ಮರದ ಮೂರರಿಂದ ಐದು ತಿಂಗಳು ಬಲಿತ, ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಮೇಲೊಂದು ಸಣ್ಣ ಪಾಲಿಥೀನ್ ಟೊಪ್ಪಿಗೆ. ಕೆಲವು ವಾರಗಳಲ್ಲಿ ಚಿಗುರು ಒಡೆದರೆ ಕಸಿ ಹಿಡಿದಂತೆ. ಮೂರನೆಯ ವರ್ಷದಿಂದ ಬೀಜ ಸಿಗತೊಡಗುತ್ತದೆ. ಬ್ರೆಜಿಲ್‌ನಲ್ಲಿ 1983ರಿಂದ ಬಿಡುಗಡೆಯಾದ ಗಿಡ್ಡ ತಳಿಗಳಿಗೂ ಆಧಾರ ಕಸಿಯೇ. ಅವುಗಳಲ್ಲಿ ಸಿಸಿಪಿ 76 ಹೆಸರಾಂತದ್ದು. ಹಣ್ಣನ್ನು ನೆಲಕ್ಕೆ ಬೀಳಿಸದೆ ಕೈಯಿಂದಲೇ ಕೊಯ್ದು ಪೇಟೆಗೆ ಕಳಿಸಲು ಅಲ್ಲಿನವರಿಗೆ ಸಾಧ್ಯವಾದದ್ದು ಈ ಗಿಡ್ಡ ಮರಗಳಿಂದ. ಪುತ್ತೂರು ಈಚೆಗೆ ಕೊಟ್ಟ ನೇತ್ರ ಜಂಬೋ-1ರ ಬೀಜ ಸಾಮಾನ್ಯ ಬೀಜದ ಸುಮಾರು ಎರಡು ಪಟ್ಟು ತೂಗುತ್ತದೆ.

ಟೀ ಸೊಳ್ಳೆ ಮತ್ತು ಎಂಡೋಸಲ್ಫಾನ್

ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ, ಹೆಲೋಪೆಲ್ಟಿಸ್ ಆಂಟೋನಿ ಎಂಬ ತಿಗಣೆ ಜಾತಿಯ ಕೀಟ. ಚಿಗುರು, ಹೂಗೊಂಚಲು, ಎಳೆಕಾಯಿಗಳ ರಸ ಹೀರುತ್ತದೆ. ಚುಚ್ಚಿದಲ್ಲಿ ಕಪ್ಪು ಮಚ್ಚೆ ಬಿದ್ದು ಗೊಂಚಲು ಸುಟ್ಟಂತೆ ಒಣಗುತ್ತದೆ. ಹಾವಳಿ ಜೋರಾದ ವರ್ಷ ಅರ್ಧಕ್ಕರ್ಧ ಬೆಳೆ ಹೋಗುವುದುಂಟು.

ಇದನ್ನು ಕೊಲ್ಲಲು ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ದಕ್ಷಿಣ ಕನ್ನಡದಲ್ಲೂ ಕೊಕ್ಕಡ, ಪಟ್ರಮೆ ಸುತ್ತಿನ ಸರಕಾರಿ ಗೇರು ನಿಗಮದ ತೋಟಗಳಲ್ಲಿ ಇದೇ ನಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಕನ್ನಡ, ತುಳು ಮಾತಾಡುವ ಊರು. ಸುತ್ತ ಗುಡ್ಡದಲ್ಲಿ ಗೇರು ತೋಟ, ಕೆಳಗೆ ತೋಡು, ಸುರಂಗ, ಬಾವಿ. ಮೇಲೆ ಬಿದ್ದದ್ದೆಲ್ಲ ಕೆಳಗಿನ ನೀರಿಗೇ ಬರುತ್ತಿತ್ತು. ಮೊದಲು ಅಂಗವಿಕಲ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ಅದೇ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆ. ವಾಣಿನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುತ್ತಿದ್ದ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್‌ಗಳ ದಟ್ಟಣೆ ಕಂಡು ವರ್ಷಗಟ್ಟಲೆ ಎಚ್ಚರಿಸಿದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೈಯದ್ ಮತ್ತು ಸಂಗಡಿಗರು ಪಡ್ರೆಯ 10ರಿಂದ 19 ವರ್ಷದ 117 ಬಾಲಕರನ್ನು, ಸಿಂಪಡಣೆ ಇಲ್ಲದ ಹಳ್ಳಿಯ 90 ಬಾಲಕರೊಡನೆ ಹೋಲಿಸಿದರು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು, ಲೈಂಗಿಕ ಹಾರ್ಮೋನುಗಳು ಏರುಪೇರಾಗಿದ್ದವು. 2003ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಗೇರಿನ ಉಪಯುಕ್ತ ಗುಣಗಳ ಲೇಖನದಲ್ಲಿ ಈ ಅಧ್ಯಾಯ ಏಕೆ ಎಂದು ಕೇಳುವವರಿರಬಹುದು. ತಿರುಳಿನ ಇಳುವರಿಯೊಂದನ್ನೇ ಗುರಿಯಾಗಿಟ್ಟ ವಿಜ್ಞಾನ ಇಳಿಜಾರಿನಲ್ಲಿ ಬದುಕುವವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಮೇಲೆ ಬಂದ ಸಂಶೋಧನೆಯ ದಿಕ್ಕನ್ನೇ ಈ ದುರಂತ ಬದಲಿಸಿತು. ಟೀ ಸೊಳ್ಳೆಯ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ ಸಣ್ಣ ಕಣಜಗಳು, ಅದರ ಸಂಗಾತಿಯನ್ನು ಸೆಳೆಯುವ ವಾಸನೆಗಳು, ಹಾವಳಿ ಮಿತವಾಗಿದ್ದರೆ ಅದರಿಂದ ತಪ್ಪಿಸಿಕೊಳ್ಳಬಲ್ಲ ಭಾಸ್ಕರ ತಳಿ, ಇವೆಲ್ಲ ಪುತ್ತೂರಿನ ಕೆಲಸದ ಭಾಗಗಳು. ಉತ್ತರ ಆಸ್ಟ್ರೇಲಿಯದ ಗೇರು ತೋಟಗಳಲ್ಲಿ ಪೆಂಗ್ ಮತ್ತು ಕ್ರಿಶ್ಚಿಯನ್ ಎಂಬ ವಿಜ್ಞಾನಿಗಳು ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳನ್ನು ಮರಗಳಲ್ಲಿ ನೆಲೆಗೊಳಿಸಿ, ಕೀಟನಾಶಕದಷ್ಟೇ ಫಲ ಪಡೆದರು. ನಮ್ಮ ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆ ಅದೇ. ಗೇರು ತೋಪು ಇರುವವರು ಕೊಯ್ಲಿನ ಹೊತ್ತು ಕಚ್ಚುತ್ತದೆಂದು ಆ ಗೂಡುಗಳನ್ನು ಸುಡದೆ ಉಳಿಸಿಕೊಳ್ಳಲಿ.

ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ, ಹೆಲಿಕಾಪ್ಟರ್ ನಿಂತು ಹದಿನಾರು ವರ್ಷಗಳಾದ ಮೇಲೆ.